ಊರಿನ ಕಲ್ಲು, ಊರಿನ ಮಂದಿ

ಬೀದರ್‌ಗೆ ಬರುವ ಅತಿಥಿಗಳಿಗೆ ನಮ್ಮೂರನ್ನು ತೋರಿಸಲು ಅರ್ಧ ದಿನ ಸಾಕು. ಬೆಳಿಗ್ಗೆ ಕೋಟೆ, ಆಮೇಲೆ ಮಹಮೂದ್ ಗವಾನರ ಮದರಸ, ಊಟಕ್ಕೆ ಮುಂಚೆ ಅಷ್ಟೂರಿನ ಗುಂಬಜ್‌ಗಳು. ಸಂಜೆಯ ಬಸ್ಸಿಗೆ ಅವರು ಹೊರಟುಹೋಗುತ್ತಾರೆ. ಉಳಿಯುವವರು ನಾವು. ಈ ಕಲ್ಲುಗಳ ನೆರಳಲ್ಲಿ ಆಡಿ ಬೆಳೆದು, ಇವುಗಳ ಪಕ್ಕದಲ್ಲೇ ಸಂಸಾರ ಹೂಡಿ, ಕೊನೆಗೆ ಇವುಗಳಾಚೆಯ ಖಬರಸ್ತಾನಕ್ಕೆ ಸೇರುವವರು. ದಿನವೂ ನೋಡುವ ನೆರೆಮನೆಯ ಅಜ್ಜ ಬಡಕಲಾಗುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಕಟ್ಟಡಗಳ ಕಥೆಯೂ ಅದೇ.

ಉರ್ದು ಶಾಲೆಯಲ್ಲಿ ನಮಗೆ ಮಹಮೂದ್ ಗವಾನ್ ಒಂದು ಪಾಠ. ಕನ್ನಡ ತರಗತಿಗೆ ಬಂದಾಗ ಬಸವಣ್ಣ ಒಂದು ಪಾಠ. ಗವಾನರ ಬೀದರ್, ಬಸವಣ್ಣನವರ ಕಲ್ಯಾಣ ಎರಡೂ ಇರುವುದು ಒಂದೇ ಜಿಲ್ಲೆಯಲ್ಲಿ ಎಂಬುದು ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ. ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದ ಗವಾನ್ ಬಹಮನಿ ಸುಲ್ತಾನರ ಮಂತ್ರಿಯಾದರು. 1472ರಲ್ಲಿ ಮೂರು ಅಂತಸ್ತಿನ ಮದರಸ ಕಟ್ಟಿಸಿದರು. ಅದರಲ್ಲಿ ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ವಾಸಕ್ಕೆ ಕೊಠಡಿಗಳು ಎಲ್ಲವೂ ಇದ್ದವು. 1481ರಲ್ಲಿ ವೈರಿಗಳ ಪಿತೂರಿಯಿಂದ ಅದೇ ಗವಾನರ ತಲೆ ಉರುಳಿತು. 17ನೇ ಶತಮಾನದ ಕೊನೆಯಲ್ಲಿ ನಡೆದ ಸ್ಫೋಟದಲ್ಲಿ ಮದರಸದ ದೊಡ್ಡ ಭಾಗ ಹಾರಿಹೋಯಿತು. ಇಂದು ಒಂದು ಮಿನಾರು ಮತ್ತು ಅದರ ಮೈಮೇಲೆ ಅಲ್ಲಲ್ಲಿ ಉಳಿದ ನೀಲಿ, ಹಳದಿ, ಬಿಳಿ ಹೆಂಚುಗಳು ಹಳೆಯ ವೈಭವಕ್ಕೆ ಸಾಕ್ಷಿ. ಓದಿಗಾಗಿ ಕಟ್ಟಿದ ಮನೆಯನ್ನು ಮದ್ದುಗುಂಡಿನ ಉಗ್ರಾಣ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉಪದೇಶ ಬೇಕಿಲ್ಲ.

ನಮ್ಮದು ಹೆಸರಿಲ್ಲದ, ಬೋರ್ಡಿಲ್ಲದ ಒಂದು ಗುಂಪು. ಒಬ್ಬರು ಶಾಲಾ ಶಿಕ್ಷಕರು, ಒಬ್ಬರು ವಕೀಲರು, ಒಬ್ಬರು ಆಟೋ ಓಡಿಸುವವರು, ಇಬ್ಬರು ಕಾಲೇಜು ಹುಡುಗಿಯರು, ಒಬ್ಬ ಬಿದ್ರಿ ಕುಶಲಕರ್ಮಿ. ಈ ಕೊನೆಯವರಿಗೆ ಕೋಟೆ ಬರೀ ನೋಡುವ ವಸ್ತುವಲ್ಲ. ಬಿದ್ರಿಯ ಲೋಹಕ್ಕೆ ಮಿರುಗುವ ಕಪ್ಪು ಬರುವುದು ಹಳೆಯ ಕೋಟೆಯ ಮಣ್ಣಿನಿಂದ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಸುಬಿನ ಅನ್ನ ಆ ಮಣ್ಣಿನಲ್ಲಿದೆ. ಭಾನುವಾರ ಫಜರ್ ನಮಾಝ್ ಮುಗಿಸಿ ಕೆಲವರು, ಪೂಜೆ ಮುಗಿಸಿ ಕೆಲವರು, ಬರೀ ಚಹಾ ಮುಗಿಸಿ ಉಳಿದವರು ಸೇರುತ್ತೇವೆ. ಕೈಯಲ್ಲಿ ಪೊರಕೆ, ಗೋಣಿಚೀಲ, ಕುಡುಗೋಲು.

ಕೆಲಸ ದೊಡ್ಡದೇನಲ್ಲ. ಪ್ಲಾಸ್ಟಿಕ್, ಬಾಟಲಿ, ಹಳೆಯ ಬಟ್ಟೆ ಆರಿಸುವುದು. ಹುಲ್ಲು ಕೊಯ್ಯುವುದು. ಆದರೆ ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಸಸಿಯನ್ನು ನಾವು ಕೀಳುವುದಿಲ್ಲ. ಬೇರು ಕಿತ್ತರೆ ಅದರ ಜೊತೆ ಕಲ್ಲೂ ಬರುತ್ತದೆ. ಮೇಲಿನದನ್ನು ಕತ್ತರಿಸಿ, ಬೇರಿನ ವಿಷಯ ತಿಳಿದವರಿಗೆ ಬಿಡುತ್ತೇವೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಟ್ಟಡಗಳಲ್ಲಿ ಅಪ್ಪಣೆಯಿಲ್ಲದೆ ಒಂದು ಹಿಡಿ ಸುಣ್ಣವನ್ನೂ ಮೆತ್ತುವಂತಿಲ್ಲ. ಅದು ಸರಿಯೂ ಹೌದು. ಪ್ರೀತಿ ಇದೆ ಎಂದ ಮಾತ್ರಕ್ಕೆ ಎಲ್ಲರೂ ವೈದ್ಯರಾಗಲು ಸಾಧ್ಯವಿಲ್ಲ.

ನಿಜವಾದ ಚಿಂತೆ ರಕ್ಷಣೆಯ ಫಲಕವಿಲ್ಲದ ಕಟ್ಟಡಗಳದು. ಹೆಸರು ಮರೆತ ಗೋರಿಗಳು, ಓಣಿಯ ಕಮಾನುಗಳು, ಮೆಟ್ಟಿಲ ಬಾವಿಗಳು, ಹಳೆಯ ಮನೆಗಳ ಕಟ್ಟಿಗೆಯ ಕಂಬಗಳು. ಇವು ಸದ್ದಿಲ್ಲದೆ ಸಾಯುತ್ತವೆ. ಕೆಲವು ಉದಾಸೀನದಿಂದ, ಕೆಲವು ಅತಿಭಕ್ತಿಯಿಂದ. ಒಂದು ಚಿಕ್ಕ ದರ್ಗಾಕ್ಕೆ ಒಬ್ಬ ದಾನಿ ಬಹಳ ಶ್ರದ್ಧೆಯಿಂದ ಸಿಮೆಂಟ್ ಮೆತ್ತಿಸಿ, ಮೇಲೆ ಹಸಿರು ಎಣ್ಣೆ ಬಣ್ಣ ಬಳಿಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಉಬ್ಬಿ, ಕಲ್ಲು ಪುಡಿಯಾಗಿ ಉದುರತೊಡಗಿತು. ನಮ್ಮ ಕಡೆಯ ಜಂಬಿಟ್ಟಿಗೆ ಕಲ್ಲು ತೂತುತೂತಾದದ್ದು. ಅದು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಹೋಗಗೊಡುತ್ತದೆ. ಸಿಮೆಂಟ್ ಬಾಗಿಲು ಹಾಕಿಬಿಡುತ್ತದೆ. ಒಳಗೆ ಸಿಕ್ಕಿಕೊಂಡ ನೀರು ಉಪ್ಪನ್ನು ಹೊತ್ತು ತಂದು ಕಲ್ಲನ್ನೇ ತಿನ್ನುತ್ತದೆ. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿಯ ನೀರು ಸೇರಿಸಿ ಅರೆಯುವುದನ್ನು ಬಲ್ಲ ಮೇಸ್ತ್ರಿಯೊಬ್ಬರು ಅದನ್ನು ನೋಡಿ ಹೇಳಿದರು: "ಸಿಮೆಂಟ್ ಉಸಿರಾಡ್ಲಾಕ ಬಿಡಲ್ರಿ. ಗಚ್ಚು ಕಲ್ಲಿನ ಜೋಡಿ ಸಂಸಾರ ಮಾಡ್ತದ. ಸಿಮೆಂಟ್ ಅದರ ಎದಿ ಮ್ಯಾಲ ಕುಂದರ್ತದ." ಕಥೆ ಬರೆಯುವ ನಮಗೆ ಇಂಥ ಮಾತು ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ನೌಬಾದಿನ ಕರೇಜ್ ನಮ್ಮ ಹುಮ್ಮಸ್ಸಿಗೆ ದೊಡ್ಡ ಕಾರಣ. ಜನರ ಬಾಯಲ್ಲಿ ಅದು ಸುರಂಗ ಬಾವಿ. ಇರಾನಿನ ಜಾಣತನ, ದಖ್ಖನಿನ ಕಲ್ಲು. ಭೂಮಿಯೊಳಗೆ ತುಸುವೇ ಇಳಿಜಾರಾಗಿ ಕೊರೆದ ಸುರಂಗ. ಅಲ್ಲಲ್ಲಿ ಗಾಳಿ, ಬೆಳಕಿಗೆ, ಹೂಳೆತ್ತಲಿಕ್ಕೆ ಬಾವಿಯಂಥ ಬಾಯಿಗಳು. ಯಂತ್ರವಿಲ್ಲ, ಎತ್ತಿಲ್ಲ. ಅಂತರ್ಜಲ ತನ್ನ ಪಾಡಿಗೆ ತಾನು ಹರಿದು ಬರುತ್ತದೆ. ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿಯವರಂಥವರು ಅದರ ಜಾಡು ಹಿಡಿದು ನಕ್ಷೆ ಮಾಡಿದರು. ಮುಂದೆ ಹೂಳೆತ್ತುವ ಕೆಲಸ ನಡೆದಾಗ ಒಳಗೆ ನೀರು ಕಂಡಿತು. ಮಂದಿ ಕಸದ ಗುಂಡಿ ಎಂದುಕೊಂಡಿದ್ದದ್ದು ನಿಜಕ್ಕೂ ಊರಿನ ನೀರಿನ ದಾರಿಯಾಗಿತ್ತು! 2014ರ ಸಾಲಿನಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದಲ್ಲಿರುವ ತಾಣಗಳ ತನ್ನ ಪಟ್ಟಿಗೆ ಬೀದರ್ ನಗರವನ್ನು ಸೇರಿಸಿದಾಗ ಊರಿನ ಹೊರಗಿನವರೂ ತಿರುಗಿ ನೋಡಿದರು.

ಇಷ್ಟಾದರೂ ನಮ್ಮನ್ನು ಎರಡು ಕಡೆಯಿಂದ ಕೇಳುವವರಿದ್ದಾರೆ. "ಇವೆಲ್ಲ ನಿಮ್ಮ ಸುಲ್ತಾನರದಲ್ಲವೇ?" ಎಂದು ಒಂದು ಕಡೆ. "ಮೊಹಲ್ಲಾದ ಮಕ್ಕಳಿಗೆ ಓದಿಲ್ಲ, ಯುವಕರಿಗೆ ಕೆಲಸವಿಲ್ಲ, ನಿಮಗೆ ಸತ್ತವರ ಗುಂಬಜ್ ಚಿಂತೆ!" ಎಂದು ಇನ್ನೊಂದು ಕಡೆ.

ಮೊದಲ ಪ್ರಶ್ನೆಗೆ ಅಷ್ಟೂರು ಎಂದೋ ಉತ್ತರ ಕೊಟ್ಟಿದೆ. ಅಲ್ಲಿ ಮಲಗಿರುವ ಅಹ್ಮದ್ ಶಾ, ಮುಸ್ಲಿಮರಿಗೆ ವಲಿ. ಅನೇಕ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ಅಂಶ. ಉರುಸಿಗೆ ಕಲಬುರಗಿ ಜಿಲ್ಲೆಯ ಹಳ್ಳಿಯಿಂದ ಜಂಗಮರು ಬರುವುದು ಹಳೆಯ ವಾಡಿಕೆ. ಯಾರು ಯಾರ ಸುಲ್ತಾನ ಎಂದು ಅಲ್ಲಿ ತೆಂಗಿನಕಾಯಿ ಒಡೆಯುವವರನ್ನು ಕೇಳಿ ನೋಡಿ. ಅಲ್ಲದೆ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಕಲ್ಲು ಕಡಿದವರ, ಸುಣ್ಣ ಅರೆದವರ ಹೆಸರಿಲ್ಲ. ಅವರ ಮೊಮ್ಮಕ್ಕಳು ಎಲ್ಲ ಓಣಿಗಳಲ್ಲೂ ಇದ್ದಾರೆ.

ಎರಡನೆಯ ಪ್ರಶ್ನೆ ಇಷ್ಟು ಸುಲಭದ್ದಲ್ಲ. ಅದನ್ನು ನಮ್ಮೆದುರು ಇಟ್ಟವರು ಒಬ್ಬ ಖಾಲಾ. ಸ್ಮಾರಕವೊಂದರ ಬದಿಯಲ್ಲಿ ಅವರ ಮನೆ. ಮಳೆಗೆ ಹಿಂದಿನ ಗೋಡೆ ಕುಸಿದಿತ್ತು. ದುರಸ್ತಿಗೆ ಹೊರಟರೆ ನೆರೆಯವರು, "ನೂರು ಮೀಟರಿನ ಒಳಗಿದ್ದೀರಿ, ಮುಟ್ಟಿದರೆ ಕೇಸು" ಎಂದು ಹೆದರಿಸಿದ್ದರು. ಕಚೇರಿಯೊಂದಕ್ಕೆ ಹೋದರೆ ಸರಿಯಾದ ಉತ್ತರ ಸಿಗಲಿಲ್ಲ. ಪೊರಕೆ ಹಿಡಿದು ನಿಂತ ನಮ್ಮನ್ನು ಕಂಡು ಅವರು ಕೇಳಿದರು: "ಬೇಟಾ, ನಿಮ್ಮ ಬಾದಶಹನ ಗುಂಬಜ್ ಐನೂರು ವರ್ಷ ನಿಂತಿದೆ. ನನ್ನ ಗೋಡೆ ಒಂದು ಮಳೆಗಾಲ ನಿಲ್ಲಲಿಕ್ಕೆ ಯಾರ ಅಪ್ಪಣೆ ಬೇಕು?"

ಆ ದಿನ ಯಾರಿಗೂ ಕಸ ಗುಡಿಸುವ ಮನಸ್ಸಾಗಲಿಲ್ಲ. ನಮ್ಮ ವಕೀಲ ಗೆಳೆಯರು ಕಾನೂನಿನ ಪುಸ್ತಕ ತಂದರು. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದು ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ದಾರಿ ಇದೆ, ದಾರಿ ಹೇಳುವವರಿಲ್ಲ. ಹಳೆಯ ಮನೆ ಕಂದಾಯದ ರಶೀದಿ ಹುಡುಕಿ, ಫೋಟೋ ಹಿಡಿದು, ನಕ್ಷೆ ಬರೆಸಿ ಅರ್ಜಿ ಹಾಕಿಸಿದೆವು. ಅನುಮತಿ ಬರಲು ತಿಂಗಳುಗಳೇ ಹಿಡಿದವು. ಅಷ್ಟೂ ದಿನ ಖಾಲಾ ಗೋಡೆಯ ಜಾಗದಲ್ಲಿ ತಾಡಪಾಲು ಕಟ್ಟಿಕೊಂಡು ಇದ್ದರು. ಕೊನೆಗೆ ಕಾಗದ ಬಂತು, ಗೋಡೆ ಎದ್ದಿತು.

ಅಂದಿನಿಂದ ನಮ್ಮ ಭಾನುವಾರದ ಕೆಲಸಕ್ಕೆ ಇನ್ನೊಂದು ಸೇರಿಕೊಂಡಿದೆ. ಇಬ್ಬರು ಗುಡಿಸಿದರೆ ಒಬ್ಬರು ಜಗಲಿಯಲ್ಲಿ ಕೂತು ಅರ್ಜಿ ಬರೆಯುತ್ತಾರೆ. ಇದರ ಫಲ ನಾವು ನಿರೀಕ್ಷಿಸದ ರೀತಿಯಲ್ಲಿ ಕಂಡಿತು. ಮೊದಲು ಸ್ಮಾರಕವೆಂದರೆ ನೋಟೀಸು ಎಂದು ಮುಖ ತಿರುಗಿಸುತ್ತಿದ್ದ ಓಣಿಯವರು ಈಗ ತಾವೇ ಬಂದು, "ಅಲ್ಲಿ ಯಾರೋ ಕಲ್ಲು ಕೀಳುತ್ತಿದ್ದಾರೆ, ಬನ್ನಿ" ಎಂದು ತಿಳಿಸುತ್ತಾರೆ. ಪಹರೆಯವನು ಸಂಜೆಗೆ ಮನೆಗೆ ಹೋಗುತ್ತಾನೆ. ಓಣಿಯವರು ಹೋಗುವುದಿಲ್ಲ. ಕಲ್ಲನ್ನು ಉಳಿಸಲು ಮಂದಿಯನ್ನು ಒಕ್ಕಲೆಬ್ಬಿಸಿದರೆ ಉಳಿಯುವುದು ಬೇಲಿಯೊಳಗಿನ ಹುಲ್ಲುಹಾಸು ಮಾತ್ರ.

ನಿಮ್ಮ ಊರಲ್ಲಿ ಕೋಟೆ ಇಲ್ಲದಿರಬಹುದು. ಆದರೆ ಒಂದು ಹಳೆಯ ಬಾವಿ, ಒಂದು ಕಟ್ಟೆ, ಗುಡಿಯೋ ಮಸೀದಿಯೋ ಒಂದು ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಒಬ್ಬ ಖಾಲಾ ಕೂಡ. ಮೊದಲು ಅವರ ಮನೆಯ ಬಾಗಿಲು ತಟ್ಟಿ. ಕಟ್ಟಡದ ಹೆಸರು, ಹೂಳು ತುಂಬುವ ಮುಂಚೆ ಬಾವಿಯಲ್ಲಿ ನೀರು ಎಷ್ಟಿತ್ತು, ಕಮಾನಿನ ಕಲ್ಲು ಯಾವ ವರ್ಷ ಬಿತ್ತು, ಎಲ್ಲವೂ ಅವರಿಗೆ ಗೊತ್ತಿರುತ್ತದೆ. ನಮ್ಮ ಗುಂಪಿನ ಹುಡುಗಿಯರು ಈಗ ಅದನ್ನೇ ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಾರೆ, ಒಬ್ಬಳು ಕನ್ನಡದಲ್ಲಿ, ಒಬ್ಬಳು ಉರ್ದುವಿನಲ್ಲಿ.