ನದಿಯೊಂದು ಕ್ರಿಯಾಪದವಾದ ಕಥೆ

ಪ್ರೌಢಶಾಲೆಯ ಭೂಗೋಳ ಪಾಠದಲ್ಲೂ ಇಂಗ್ಲಿಷ್ ಪಾಠದಲ್ಲೂ ಎದುರಾಗುವ ಪದ ‘ಮಿಯಾಂಡರ್’. ಅಂಕುಡೊಂಕಾಗಿ ಹರಿ, ಸುತ್ತಿ ಬಳಸಿ ಸಾಗು ಎಂದು ನಿಘಂಟು ಅರ್ಥ ಹೇಳುತ್ತದೆ. ಅಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗುವ ವಿದ್ಯಾರ್ಥಿಗಳೇ ಹೆಚ್ಚು. ಆದರೆ ಈ ಪದಕ್ಕೊಂದು ಹುಟ್ಟೂರಿದೆ. ಅದು ಟರ್ಕಿ ದೇಶದ ಒಂದು ನದಿ.

ದಿನಾರ್ ಪಟ್ಟಣದ ಬಳಿ ಹುಟ್ಟಿ, ಐನೂರು ಕಿ.ಮೀ.ಗೂ ಹೆಚ್ಚು ದೂರ ಪಶ್ಚಿಮಕ್ಕೆ ಹರಿದು ಈಜಿಯನ್ ಸಮುದ್ರ ಸೇರುವ ಈ ನದಿಯ ಇಂದಿನ ಹೆಸರು ಬುಯುಕ್ ಮೆಂಡೆರೆಸ್. ಪ್ರಾಚೀನ ಗ್ರೀಕರ ಬಾಯಲ್ಲಿ ಅದು ‘ಮಯಾಂಡ್ರೋಸ್’. ಅಂಜೂರದ ತೋಟ, ಹತ್ತಿಯ ಹೊಲಗಳ ನಡುವಿನ ಸಮತಟ್ಟು ಬಯಲಿಗೆ ಬಂದೊಡನೆ ನದಿ ಹಾವಿನಂತೆ ಹೊರಳತೊಡಗುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಭೂಗೋಳಜ್ಞ ಸ್ಟ್ರಾಬೋ ಬರೆಯುವ ವೇಳೆಗಾಗಲೇ, ಡೊಂಕಾದ ಯಾವುದೇ ವಸ್ತುವಿಗೆ ಜನ ಈ ನದಿಯ ಹೆಸರನ್ನೇ ಹೇಳುತ್ತಿದ್ದರು. ಮುಂದೆ ಲ್ಯಾಟಿನ್ ಮೂಲಕ ಪದ ಇಂಗ್ಲಿಷ್‌ಗೆ ಬಂತು. ಹೆಸರು ಕ್ರಿಯಾಪದವೂ ಆಯಿತು.

ನದಿ ಹೀಗೇಕೆ ಹೊರಳುತ್ತದೆ? ಉತ್ತರ ಚಹಾ ಲೋಟದಲ್ಲಿದೆ. ಚಮಚದಿಂದ ಚಹಾ ತಿರುಗಿಸಿದರೆ ಅದರ ಚರಟ ಅಂಚಿಗೆ ಹೋಗದೆ ತಳದ ನಡುವೆ ಗುಡ್ಡೆಯಾಗುತ್ತದೆ. ಘರ್ಷಣೆಯಿಂದಾಗಿ ತಳದ ನೀರಿನ ವೇಗ ಕಡಿಮೆ. ಆದ್ದರಿಂದ ಅದು ಒಳಮುಖವಾಗಿ ಸರಿದು ಚರಟವನ್ನು ಹೊತ್ತು ತರುತ್ತದೆ. ನದಿಯ ತಿರುವಿನಲ್ಲೂ ಇದೇ ನಡೆಯುತ್ತದೆ ಎಂದು 1926ರಲ್ಲಿ ಐನ್‌ಸ್ಟೈನ್ ವಿವರಿಸಿದರು. ವೇಗದ ನೀರು ಹೊರದಂಡೆಯನ್ನು ಕೊರೆಯುತ್ತದೆ; ತಳದ ನೀರು ಮಣ್ಣನ್ನು ಒಳದಂಡೆಗೆ ತಂದು ಹಾಕುತ್ತದೆ. ಹೀಗಾಗಿ ಸಣ್ಣ ಡೊಂಕು ದೊಡ್ಡದಾಗುತ್ತ ಹೋಗುತ್ತದೆ. ಕೊನೆಗೊಮ್ಮೆ ನದಿ ಅಡ್ಡದಾರಿ ಹಿಡಿದಾಗ, ಹಳೆಯ ತಿರುವು ಕುದುರೆ ಲಾಳದಂಥ ಸರೋವರವಾಗಿ ಉಳಿಯುತ್ತದೆ.

ಇದೆಲ್ಲ ದಂಡೆಯ ರೈತನಿಗೆ ಬದುಕಿನ ಪ್ರಶ್ನೆ. ಒಬ್ಬನ ಹೊಲ ಕೊಚ್ಚಿಹೋದರೆ ಎದುರು ದಂಡೆಯವನಿಗೆ ಹೊಸ ನೆಲ! ಗಡಿ ಬದಲಾದಾಗ ಜನ ನದಿಯ ಮೇಲೆಯೇ ಮೊಕದ್ದಮೆ ಹೂಡುತ್ತಿದ್ದರಂತೆ. ನದಿ ಸೋತರೆ ದಂಡದ ಹಣವನ್ನು ದೋಣಿ ದಾಟಿಸುವ ಸುಂಕದಿಂದ ಕೊಡಲಾಗುತ್ತಿತ್ತು ಎಂಬ ಮಾತನ್ನೂ ಸ್ಟ್ರಾಬೋ ದಾಖಲಿಸಿದ್ದಾನೆ.

ಹೊಲ ಕಳೆದುಕೊಂಡವನಿಗೆ ದಂಡ ಸಿಕ್ಕಿತು. ಸಮುದ್ರ ಕಳೆದುಕೊಂಡ ಮಿಲೆಟಸ್ ನಗರಕ್ಕೆ ಏನೂ ಸಿಗಲಿಲ್ಲ. ತತ್ತ್ವಜ್ಞಾನಿ ಥೇಲ್ಸ್‌ನ ಊರಾದ ಇದು ಒಂದು ಕಾಲಕ್ಕೆ ಹೆಸರಾಂತ ಬಂದರು. ನದಿ ತಂದ ಹೂಳು ಶತಮಾನಗಟ್ಟಲೆ ಕೊಲ್ಲಿಯನ್ನು ತುಂಬುತ್ತ ಬಂದು ಕಡಲನ್ನು ದೂರ ತಳ್ಳಿತು. ಹಡಗುಗಳು ನಿಂತವು, ವ್ಯಾಪಾರ ಹೋಯಿತು, ಜನ ಊರು ಬಿಟ್ಟರು. ಇಂದು ಅಲ್ಲಿನ ಬೃಹತ್ ಕಲ್ಲಿನ ರಂಗಮಂದಿರದ ಮೇಲೆ ನಿಂತ ಪ್ರವಾಸಿಗೆ ಕಾಣುವುದು ಅಲೆಗಳಲ್ಲ, ಹೊಲಗಳು. ಕ್ರಿ.ಪೂ. 494ರಲ್ಲಿ ಗ್ರೀಕರಿಗೂ ಪರ್ಷಿಯನ್ನರಿಗೂ ನೌಕಾಯುದ್ಧ ನಡೆದ ಲಾಡೆ ದ್ವೀಪ ಈಗ ಬಯಲಿನ ನಡುವಿನ ಗುಡ್ಡ. ಹಳೆಯ ಕೊಲ್ಲಿಯ ಒಂದು ತುಣುಕು ಬಾಫಾ ಸರೋವರವಾಗಿ ಉಳಿದಿದೆ.

ಇನ್ನು ಪದದ ಬಳಕೆ. ‘ದ ರಿವರ್ ಮಿಯಾಂಡರ್ಸ್ ಥ್ರೂ ದ ವ್ಯಾಲಿ’ ಎಂಬುದು ನೇರ ಅರ್ಥ. ‘ವಿ ಮಿಯಾಂಡರ್ಡ್ ಥ್ರೂ ದ ಮಾರ್ಕೆಟ್’ ಎಂದರೆ ಅವಸರವಿಲ್ಲದೆ ಅಲ್ಲಿ ಇಲ್ಲಿ ನೋಡುತ್ತ ಸಂತೆ ಸುತ್ತಿದೆವು ಎಂದು. ವಿಷಯಕ್ಕೆ ಬಾರದೆ ಸುತ್ತುವ ಭಾಷಣಕ್ಕೂ ಈ ಪದ ಸಲ್ಲುತ್ತದೆ. ಆಗ ಅದು ಮೆಚ್ಚುಗೆಯಲ್ಲ. ‘ಜಿಗ್‌ಜ್ಯಾಗ್’ ಎಂದರೆ ಚೂಪಾದ ತಿರುವು. ‘ಮಿಯಾಂಡರ್’ ಎಂದರೆ ಮೆಲ್ಲನೆಯ ಬಾಗು. ರೈಲು ಹಿಡಿಯಲು ಓಡುವವನಿಗೆ ಈ ಪದ ಒಪ್ಪುವುದಿಲ್ಲ.

ಮಕ್ಕಳು ಪದದ ಅರ್ಥ ಕೇಳಿದಾಗ ಪಾಲಕರು ನಿಘಂಟಿನ ಜೊತೆಗೆ ಅಟ್ಲಾಸನ್ನೂ ಬಿಚ್ಚುವುದು ಒಳ್ಳೆಯದು. ಟರ್ಕಿಯ ಪಶ್ಚಿಮ ಅಂಚಿನಲ್ಲಿ ಆ ನೀಲಿ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿದ ಮಗು ಪರೀಕ್ಷೆಯಲ್ಲಿ ಈ ಪದವನ್ನು ಮರೆಯಲಾರದು.