ಬಿಟ್ಟಿದ್ದಕ್ಕೂ ಲೆಕ್ಕ ಇರಲಿ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ಓದಿದೆ. ಪಬ್‌ಮೆಡ್, ಎಂಬೇಸ್, ಸ್ಕೋಪಸ್ ಮೂರೂ ಡೇಟಾಬೇಸಿನಲ್ಲಿ ಹುಡುಕಿದ್ದಕ್ಕೆ ಸಾವಿರಗಟ್ಟಲೆ ಲೇಖನಗಳು ಬಂದು ಬಿದ್ದಿವೆ, ಡ್ಯೂಟಿ ಮುಗಿಸಿ ಹಾಸ್ಟೆಲ್ಲಿಗೆ ಬಂದ ಮೇಲೆ ಒಂದೊಂದೇ ಅಬ್‌ಸ್ಟ್ರ್ಯಾಕ್ಟ್ ಓದುತ್ತ ಕೂತರೆ ಥೀಸಿಸ್ ಮುಗಿಯುವುದು ಯಾವಾಗ, ಎಲ್ಲರೂ ಎಐಗೆ ಕೊಟ್ಟುಬಿಡು ಅನ್ನುತ್ತಾರೆ, ಕೊಡಲಾ ಅಕ್ಕಾ ಎಂದು ಕೇಳಿದ್ದೀಯ. ಕೊಡು. ಆದರೆ ಯಾವ ಕೆಲಸ ಕೊಡಬೇಕು, ಯಾವುದನ್ನು ನಿನ್ನ ಕೈಯಲ್ಲೇ ಇಟ್ಟುಕೊಳ್ಳಬೇಕು ಎನ್ನುವುದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಸಮಾಧಾನವಾಗಿ ಓದು.

ಮೊದಲು ಒಂದು ಮಾತು. ನೀನು ಮಂಗನ ಕಾಯಿಲೆಯ ಸುತ್ತಲೇ ರಿವ್ಯೂ ಮಾಡುತ್ತೀಯೆಂದು ಹೇಳಿದ ದಿನ ನನಗಾದ ಹಿಗ್ಗು ಇನ್ನೂ ಇಳಿದಿಲ್ಲ. ಕೊಟ್ಟಿಗೆಗೆ ಹಾಸಲು ಒಣಎಲೆಯ ದರಗು ಬೇಕು, ದರಗಿಗೆ ಕಾಡಿಗೆ ಹೋಗಬೇಕು, ಕಾಡಿಗೆ ಹೋದರೆ ಕಾಯಿಲೆ ತರುವ ಉಣುಗು ಹತ್ತುತ್ತದೆ. ನಮ್ಮ ಕಡೆಯ ಹೆಂಗಸರಿಗೆ ಇದರಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ರೋಗಕ್ಕೆ ಇಷ್ಟು ವರ್ಷಗಳಲ್ಲಿ ಮಾಡಿದ ಉಪಾಯಗಳಲ್ಲಿ ಯಾವುದು ನಿಜವಾಗಿ ಫಲ ಕೊಟ್ಟಿತು ಎಂದು ಒಬ್ಬರು ಕೂತು ಲೆಕ್ಕ ಹಾಕಬೇಕಿತ್ತು. ಆ ಕೆಲಸಕ್ಕೆ ನಮ್ಮ ಮನೆಯ ಹುಡುಗಿ ಕೈಹಾಕಿದ್ದಾಳೆ. ಅದಕ್ಕೇ ನನಗೆ ಈ ಕೆಲಸದ ಮೇಲೆ ಇಷ್ಟು ಕಾಳಜಿ.

ದಾಖಲೆಗಳು ಅಷ್ಟೊಂದು ಯಾಕೆ ಬಂದವು ಅಂದರೆ ನಿನ್ನ ಪ್ರಶ್ನೆ ದೊಡ್ಡದು. ಕಾಡಂಚಿನ ಜನರನ್ನು ಉಣುಗಿನ ರೋಗಗಳಿಂದ ಕಾಯಲು ಲಸಿಕೆ, ಮೈಗೆ ಹಚ್ಚುವ ಎಣ್ಣೆ, ದನಗಳ ಮೈಮೇಲಿನ ಉಣುಗು ತೆಗೆಯುವುದು, ಇವುಗಳಲ್ಲಿ ಯಾವುದಕ್ಕೆ ಎಷ್ಟು ಪುರಾವೆ ಇದೆ ಎಂದು ಕೇಳಿದ್ದೀಯ. ಹಾಗೆ ಕೇಳಿದಾಗ ಅಮೆರಿಕದ ಲೈಮ್ ರೋಗ, ಯುರೋಪಿನ ಉಣುಗಿನ ಮಿದುಳುಜ್ವರ ಎಲ್ಲವೂ ಬಲೆಗೆ ಬೀಳುತ್ತವೆ. ಅದರ ನಡುವೆ ಮಂಗನ ಕಾಯಿಲೆಯ ಲೇಖನಗಳು ಒಂದು ಹಿಡಿಯಷ್ಟು. ನಿನಗೆ ಬೇಕಾದ್ದು ಮುಖ್ಯವಾಗಿ ಆ ಒಂದು ಹಿಡಿ. ಎಐಗೆ ಕೊಡುವಾಗ ಕಳೆದುಹೋಗುವ ಭಯ ಇರುವುದೂ ಅದಕ್ಕೇ.

ಈ ಕೆಲಸದ ಬೆಲೆ ಏನೆಂದು ತಿಳಿಯಬೇಕಾದರೆ ಇಂಥ ರಿವ್ಯೂಗಳನ್ನೇ ಮಾಡುವ ಕಾಕ್ರೇನ್ ಸಂಸ್ಥೆಯ ಲೋಗೋ ಒಮ್ಮೆ ನೋಡು. ವೃತ್ತದೊಳಗೆ ಕೆಲವು ಅಡ್ಡಗೆರೆ, ನಡುವೆ ಒಂದು ನಿಲುಗೆರೆ, ಕೆಳಗೆ ಒಂದು ಚಿಕ್ಕ ವಜ್ರದಾಕಾರ. ಅದು ಬರೀ ಅಲಂಕಾರ ಅಲ್ಲ, ನಿಜವಾದ ಒಂದು ರಿವ್ಯೂದ ಚಿತ್ರ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಇರುವ ತಾಯಿಗೆ ಅಗ್ಗದ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗು ಉಳಿಯುತ್ತದೆಯೇ ಎಂದು ನೋಡಿದ ಪ್ರಯೋಗಗಳು ಆ ಅಡ್ಡಗೆರೆಗಳು. ಮೊದಲನೆಯದನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಪ್ರಕಟಿಸಿದರು. ಆಮೇಲೆ ಬೇರೆಬೇರೆ ಕಡೆ ಇನ್ನಷ್ಟು ಪ್ರಯೋಗ ನಡೆದವು. ಬಿಡಿಬಿಡಿಯಾಗಿ ನೋಡಿದರೆ ಹೆಚ್ಚಿನವು ಸಣ್ಣವು, ಖಚಿತವಾಗಿ ಏನೂ ಹೇಳುವುದಿಲ್ಲ. ಒಟ್ಟಿಗೆ ಕೂಡಿಸಿದರೆ ಮಾತ್ರ ಮಕ್ಕಳು ಉಳಿಯುತ್ತಿದ್ದುದು ಸ್ಪಷ್ಟವಾಗಿ ಕಾಣುತ್ತದೆ. ಹಾಗೆ ಕೂಡಿಸಿದ ರಿವ್ಯೂ ಪ್ರಕಟವಾದದ್ದು 1989ರಲ್ಲಿ. ಅಲ್ಲಿಯವರೆಗೆ ಹೆಚ್ಚಿನ ಪ್ರಸೂತಿ ವೈದ್ಯರಿಗೆ ಈ ಔಷಧಿಯ ಗುಣ ಗೊತ್ತಾಗಲೇ ಇಲ್ಲ. ಉತ್ತರ ಲೇಖನಗಳಲ್ಲಿ ಇತ್ತು, ಆದರೆ ಯಾರೂ ಒಂದೆಡೆ ಸೇರಿಸಿರಲಿಲ್ಲ. ಅಷ್ಟರೊಳಗೆ ಉಳಿಯಬಹುದಾಗಿದ್ದ ಎಷ್ಟೋ ಕೂಸುಗಳು ಹೋದವು. ನೀನು ರಾತ್ರಿ ನಿದ್ದೆಗೆಟ್ಟು ಓದುತ್ತಿರುವ ಅಬ್‌ಸ್ಟ್ರ್ಯಾಕ್ಟುಗಳನ್ನು ಈ ಕಣ್ಣಿನಿಂದ ನೋಡು.

ಸಿಸ್ಟಮ್ಯಾಟಿಕ್ ರಿವ್ಯೂ ಅಂದರೆ ಗೊತ್ತಿರುವ ನಾಲ್ಕು ಲೇಖನ ಹಿಡಿದುಕೊಂಡು ಬರೆಯುವ ಪ್ರಬಂಧ ಅಲ್ಲವಲ್ಲ. ಏನನ್ನು ಸೇರಿಸಿದೆ ಎನ್ನುವಷ್ಟೇ ಏನನ್ನು ಬಿಟ್ಟೆ, ಯಾಕೆ ಬಿಟ್ಟೆ ಎನ್ನುವುದಕ್ಕೂ ಅಲ್ಲಿ ಲೆಕ್ಕ ಕೊಡಬೇಕು. ನಿನ್ನ ಹಾಗೇ ಇನ್ನೊಬ್ಬರು ಹುಡುಕಿದರೆ ಅದೇ ಲೇಖನಗಳಿಗೆ ಬಂದು ತಲುಪಬೇಕು. ಎಐ ಬಗ್ಗೆ ನಾನು ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ ಪುಟ್ಟಿ: ಯಂತ್ರ ಸಾಲು ಜೋಡಿಸಿ ಕೊಡಲಿ, ಆದರೆ ಯಾವುದನ್ನೂ ಅದು ನಿನಗೆ ಕಾಣದಂತೆ ಬಿಟ್ಟುಬಿಡಬಾರದು.

ಆದ್ದರಿಂದ ಲೇಖನಗಳನ್ನು ಆರಿಸುವ ಸ್ಕ್ರೀನಿಂಗ್ ಶುರುಮಾಡುವ ಮೊದಲೇ ಪ್ರೋಟೋಕಾಲ್ ಬರೆದು, ರಿವ್ಯೂಗಳ ನೋಂದಣಿತಾಣವಾದ ಪ್ರಾಸ್ಪೆರೊದಲ್ಲಿ ನೋಂದಾಯಿಸು. ಯಾವ ವರ್ಷದಿಂದ, ಯಾವ ಬಗೆಯ ಅಧ್ಯಯನ, ಯಾವ ಜನ, ಯಾವ ಫಲಿತಾಂಶ ಎಂದು ಮೊದಲೇ ಕಟ್ಟಿಹಾಕಿಕೋ. ಯಾವ ಎಐ ಸಾಧನವನ್ನು ಯಾವ ಹಂತದಲ್ಲಿ ಬಳಸುತ್ತೀ ಎಂಬುದನ್ನೂ ಅಲ್ಲೇ ಬರೆ. ಆಮೇಲೆ ಮನಸ್ಸು ಬಂದ ಹಾಗೆ ನಿಯಮ ಬದಲಿಸುವ ಆಸೆ ತಾನಾಗಿ ತಗ್ಗುತ್ತದೆ.

ಡುಪ್ಲಿಕೇಟ್ ತೆಗೆಯುವ ಕೆಲಸ ಸಾಫ್ಟ್‌ವೇರಿಗೇ ಕೊಡು. ಮೂರು ಡೇಟಾಬೇಸಿನಿಂದ ಒಂದೇ ಲೇಖನ ಮೂರು ವೇಷದಲ್ಲಿ ಬಂದಿರುತ್ತದೆ. ಒಂದರಲ್ಲಿ ಲೇಖಕರ ಇನಿಶಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಪತ್ರಿಕೆಯ ಹೆಸರು ಮೊಟಕು. ಝೊಟೆರೊ, ರಯ್ಯಾನ್ ಎರಡೂ ಇವನ್ನು ಚೆನ್ನಾಗಿ ಹಿಡಿಯುತ್ತವೆ. ಆದರೆ ಒಂದು ಕಡೆ ಕಣ್ಣಿಟ್ಟಿರು. ಮಂಗನ ಕಾಯಿಲೆಯ ಬಗ್ಗೆ ಆರಂಭದ ವರ್ಷಗಳಲ್ಲಿ ಬಂದ ವರದಿಗಳಲ್ಲಿ ಕೆಲವು ಸರಣಿಯಾಗಿ ಅಚ್ಚಾದವು. ಶೀರ್ಷಿಕೆಯ ಮೊದಲ ತುಂಡು ಒಂದೇ, ನಂತರ ರೋಮನ್ ಅಂಕಿಯಲ್ಲಿ ಭಾಗದ ಸಂಖ್ಯೆ, ವರ್ಷವೂ ಪತ್ರಿಕೆಯೂ ಅವೇ. ಇಂಥವನ್ನು ಒಂದೇ ಲೇಖನವೆಂದು ಯಂತ್ರ ಕೂಡಿಸಿಬಿಡಬಹುದು. ತಾನಾಗಿ ಅಳಿಸುವ ಬಟನ್ ಒತ್ತಬೇಡ. ಇವೆರಡೂ ಒಂದೇ ಇರಬಹುದು ಎಂದು ಅದು ತೋರಿಸಿದ ಜೋಡಿಗಳನ್ನು ನೀನೇ ನೋಡಿ ಒಪ್ಪು.

ಇನ್ನು ಸ್ಕ್ರೀನಿಂಗ್. ನಿನ್ನ ರಾತ್ರಿಗಳನ್ನು ತಿನ್ನುತ್ತಿರುವುದು ಇದೇ ತಾನೆ? ಇದಕ್ಕೆ ಎಎಸ್‌ರಿವ್ಯೂ ನೋಡು. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ, ನಿನ್ನ ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ. ಅದರ ಒಳಗುಟ್ಟು ಸರಳ. ಬೇಕಾದದ್ದಕ್ಕೆ ಒಂದೆರಡು, ಬೇಡದ್ದಕ್ಕೆ ಒಂದೆರಡು ಉದಾಹರಣೆ ಮೊದಲು ಕೊಡುತ್ತೀ. ಅವುಗಳ ಶೀರ್ಷಿಕೆ, ಅಬ್‌ಸ್ಟ್ರ್ಯಾಕ್ಟಿನಲ್ಲಿರುವ ಪದಗಳನ್ನು ನೋಡಿ ಅದು ಉಳಿದ ರಾಶಿಯನ್ನೆಲ್ಲ ಸಾಲು ಹಚ್ಚುತ್ತದೆ, ಬೇಕಾಗುವ ಸಾಧ್ಯತೆ ಹೆಚ್ಚಿರುವುದು ಮುಂದೆ. ಪರದೆಯ ಮೇಲೆ ಒಮ್ಮೆಗೆ ಒಂದೇ ಲೇಖನ ಬರುತ್ತದೆ. ನೀನು ಓದಿ ಬೇಕು ಅಥವಾ ಬೇಡ ಅನ್ನುತ್ತೀ. ಆ ಉತ್ತರದಿಂದ ಅದು ಮತ್ತೆ ಕಲಿತು ಸಾಲನ್ನು ಬದಲಿಸುತ್ತದೆ. ಮೊದಲು ಮೇಲಿಂದ ಮೇಲೆ ಬೇಕಾದವೇ ಬರುತ್ತವೆ. ಕ್ರಮೇಣ ಅಮೆರಿಕದ ನಾಯಿಗಳ ಮೈಮೇಲಿನ ಉಣುಗು, ಪ್ರಯೋಗಾಲಯದ ಇಲಿಗಳು, ಇಂಥ ದೂರದ ವಿಷಯಗಳೇ ಬರತೊಡಗುತ್ತವೆ. ನಿರ್ಧಾರ ಪ್ರತಿಸಲವೂ ನಿನ್ನದೇ. ನನಗೆ ಈ ಸಾಧನ ಇಷ್ಟವಾಗುವುದು ಈ ಕಾರಣಕ್ಕೆ.

ಆದರೆ ಒಂದು ಅಪಾಯ ನಿನ್ನ ವಿಷಯದಲ್ಲೇ ಕೂತಿದೆ, ಗಮನಕೊಟ್ಟು ಓದು. 1975ಕ್ಕಿಂತ ಹಿಂದಿನ ಲೇಖನಗಳಿಗೆ ಪಬ್‌ಮೆಡ್‌ನಲ್ಲಿ ಸಾಮಾನ್ಯವಾಗಿ ಅಬ್‌ಸ್ಟ್ರ್ಯಾಕ್ಟ್ ಇರುವುದಿಲ್ಲ, ಬರೀ ಶೀರ್ಷಿಕೆ. ಮಂಗನ ಕಾಯಿಲೆಯ ಅಡಿಪಾಯದ ಕೆಲಸ ನಡೆದದ್ದೇ 1957ರಿಂದ ಮುಂದಿನ ಒಂದೂವರೆ ದಶಕದಲ್ಲಿ. ಯಾವ ಉಣುಗು ಹರಡುತ್ತದೆ, ಕಾಡಿನಲ್ಲಿ ಯಾವ ಕಾಲಕ್ಕೆ ಹೆಚ್ಚು, ಮೊದಲ ಲಸಿಕೆಯ ಯತ್ನ ಏನಾಯಿತು ಎಂಬುದೆಲ್ಲ ಆ ಕಾಲದ್ದು. ಯಂತ್ರಕ್ಕೆ ಕಲಿಯಲು ಸಿಗುವುದು ಪದಗಳು. ಐದಾರು ಪದದ ಶೀರ್ಷಿಕೆಯಲ್ಲಿ ಅದಕ್ಕೆ ಸಿಗುವ ಸುಳಿವು ಕಡಿಮೆ, ಹಾಗಾಗಿ ಅಂಥ ಲೇಖನ ಸಾಲಿನ ಹಿಂದಕ್ಕೆ ಜಾರಬಹುದು. ನೀನು ಅಲ್ಲಿಗೆ ಮುಟ್ಟುವ ಮೊದಲೇ ಸಾಕು ಎಂದು ನಿಲ್ಲಿಸಿದರೆ ನಮ್ಮ ಕಾಡಿನಲ್ಲಿ ಓಡಾಡಿ ಮಾಡಿದ ಕೆಲಸವೇ ನಿನ್ನ ರಿವ್ಯೂನಲ್ಲಿ ಇರುವುದಿಲ್ಲ, ಇಲ್ಲವೆಂದು ನಿನಗೆ ತಿಳಿಯುವುದೂ ಇಲ್ಲ. ಅದಕ್ಕೆ ಪರಿಹಾರ ಸುಲಭ. ಅಬ್‌ಸ್ಟ್ರ್ಯಾಕ್ಟ್ ಇಲ್ಲದ ದಾಖಲೆಗಳನ್ನೆಲ್ಲ ಮೊದಲೇ ಬೇರೆ ಫೋಲ್ಡರಿಗೆ ಹಾಕಿ ಪೂರ್ತಿ ನೀನೇ ಓದು. ಹಳೆಯ ಭಾರತೀಯ ಪತ್ರಿಕೆಗಳ ಸಂಚಿಕೆಗಳನ್ನು ಲೈಬ್ರರಿಯಲ್ಲಿ ಕೇಳು, ಒಳ್ಳೆಯ ಲೇಖನಗಳ ಕೊನೆಯಲ್ಲಿರುವ ಉಲ್ಲೇಖಗಳ ಬೆನ್ನುಹತ್ತು. ಡೇಟಾಬೇಸಿನಲ್ಲೇ ಇಲ್ಲದ್ದನ್ನು ಯಾವ ಎಐಯೂ ಹುಡುಕಿಕೊಡುವುದಿಲ್ಲ.

ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನೂ ಶುರುವಿನಲ್ಲೇ ತೀರ್ಮಾನಿಸು. ಸಾಲಾಗಿ ಇಷ್ಟು ಬೇಡದ ಲೇಖನ ಬಂದರೆ ನಿಲ್ಲಿಸುತ್ತೇನೆ ಎಂದು ಒಂದು ಮಿತಿ ಬರೆದಿಡು, ಸುಸ್ತಾದಾಗ ಆ ಮಿತಿಯನ್ನು ಇಳಿಸಬೇಡ. ನಿನಗೆ ಮೊದಲೇ ಗೊತ್ತಿರುವ ಮುಖ್ಯ ಲೇಖನಗಳು ಅಷ್ಟರೊಳಗೆ ಬಂದಿವೆಯೇ ಎಂದು ನೋಡು. ಒಂದು ಬರದಿದ್ದರೂ ಮುಂದುವರಿ. ನಿಲ್ಲಿಸಿದ ಮೇಲೆ ಉಳಿದ ರಾಶಿಯಿಂದ ಕಣ್ಣುಮುಚ್ಚಿ ಕೆಲವನ್ನು ಎತ್ತಿ ಓದು. ಎರಡನೆಯ ಓದುಗ ಬೇಕೇ ಬೇಕು, ಅದು ಮನುಷ್ಯರೇ ಆಗಿರಲಿ. ನಿನ್ನ ಜೊತೆಯ ಪಿಜಿ ಹುಡುಗಿಯನ್ನು ಕೇಳು. ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ನಿರ್ಧರಿಸಿ ಆಮೇಲೆ ಹೋಲಿಸಿ. ಎಲ್ಲಿ ಜಗಳ ಬೀಳುತ್ತದೋ ಅಲ್ಲಿ ನಿಮ್ಮ ನಿಯಮ ಮಸುಕಾಗಿದೆ ಎಂದರ್ಥ. ರಯ್ಯಾನ್‌ನಲ್ಲಿ ಒಬ್ಬರ ಗುರುತು ಇನ್ನೊಬ್ಬರಿಗೆ ಕಾಣದ ಹಾಗೆ ಇಡಬಹುದು.

ಫುಲ್‌ಟೆಕ್ಸ್ಟ್‌ನಿಂದ ಅಂಕಿಅಂಶ ಎತ್ತಿ ಎಕ್ಸೆಲ್ ಶೀಟಿಗೆ ತುಂಬುವಾಗ ಚಾಟ್‌ಜಿಪಿಟಿಯಂಥವು ಬಹಳ ಆಸೆ ಹುಟ್ಟಿಸುತ್ತವೆ. ಪಿಡಿಎಫ್ ಕೊಟ್ಟು ಲಸಿಕೆಯ ಪರಿಣಾಮ ಎಷ್ಟು ಅಂದರೆ ಕ್ಷಣದಲ್ಲಿ ಸಂಖ್ಯೆ ಬರುತ್ತದೆ. ನಿನ್ನದೇ ಲೇಖನಗಳಲ್ಲಿ ಇದನ್ನು ಇಟ್ಟು ನೋಡು. ಮೂರು ಜಿಲ್ಲೆಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಕ್ಷೇತ್ರ ಅಧ್ಯಯನದ ಪ್ರಕಾರ ಲಸಿಕೆ ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ ಕೊಟ್ಟಿತು. ಸರ್ಕಾರಿ ಕಾರ್ಯಕ್ರಮದಲ್ಲಿ ಜನರಿಗೆ ನಿಜವಾಗಿ ಸಿಕ್ಕ ಲಸಿಕೆಯನ್ನು ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಡೋಸಿಗೆ ರಕ್ಷಣೆಯೇ ಕಾಣಲಿಲ್ಲ, ಎರಡಕ್ಕೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಆ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಈಗ ನಿನ್ನ ಶೀಟಿನ ಒಂದು ಕೋಶದಲ್ಲಿ ಯಾವ ಸಂಖ್ಯೆ ಕೂರಬೇಕು? ಯಂತ್ರ ಯಾವುದೋ ಒಂದನ್ನು ಕೂರಿಸುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ. ಆದರೆ ಎರಡು ಅಧ್ಯಯನಗಳ ನಡುವಿನ ಅಂತರವೇ ನಿನ್ನ ರಿವ್ಯೂದ ಹೃದಯ. ಎಷ್ಟು ಡೋಸ್, ಯಾವ ವರ್ಷ, ಯಾರನ್ನು ಯಾರ ಜೊತೆ ಹೋಲಿಸಿದರು, ಎಷ್ಟು ಜನ ಬೂಸ್ಟರಿಗೆ ಬರಲೇ ಇಲ್ಲ ಎಂಬುದನ್ನೆಲ್ಲ ಬಿಡಿಸಿ ಬರೆಯಬೇಕು. ಯಂತ್ರದಿಂದ ಮೊದಲ ಕರಡು ತೆಗೆದುಕೋ, ಪ್ರತಿ ಸಂಖ್ಯೆಯ ಪಕ್ಕದಲ್ಲಿ ಪುಟ ಮತ್ತು ಕೋಷ್ಟಕದ ನಂಬರ್ ಕೇಳು, ಆ ಪುಟ ತೆರೆದು ಬೆರಳಿಟ್ಟು ತಾಳೆನೋಡು. ತಾಳೆಯಾಗದ್ದನ್ನು ಒಳಗೆ ಬಿಡಬೇಡ.

ಇನ್ನೊಂದನ್ನು ಖಂಡಿತವಾಗಿ ಹೇಳಿಬಿಡುತ್ತೇನೆ. ಈ ವಿಷಯಕ್ಕೆ ಸಂಬಂಧಿಸಿದ ಲೇಖನಗಳ ಪಟ್ಟಿ ಕೊಡು ಎಂದು ಚಾಟ್‌ಬಾಟನ್ನು ಕೇಳಿ ಅದನ್ನೇ ಹುಡುಕಾಟ ಎಂದುಕೊಳ್ಳಬೇಡ. ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರು, ಇರುವ ಪತ್ರಿಕೆ, ನಂಬುವಂಥ ಪುಟಸಂಖ್ಯೆ ಜೋಡಿಸಿ ಕೊಡುವುದು ಅವಕ್ಕೆ ಅಭ್ಯಾಸ. ಅಂಥದ್ದೇ ಪಟ್ಟಿ ನಂಬಿ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ನ್ಯೂಯಾರ್ಕಿನ ವಕೀಲರಿಗೆ 2023ರಲ್ಲಿ ಕೋರ್ಟು ದಂಡ ಹಾಕಿತು. ಹುಡುಕುವ ಪದಗಳನ್ನು ಜೋಡಿಸಲು, ಬಿಟ್ಟುಹೋದ ಪರ್ಯಾಯ ಹೆಸರು ನೆನಪಿಸಲು ಅವನ್ನು ಬಳಸು. ಹುಡುಕುವುದು ಮಾತ್ರ ಡೇಟಾಬೇಸಿನಲ್ಲೇ.

ಏನು ಮಾಡಿದರೂ ಮುಚ್ಚಿಡಬೇಡ. ರಿವ್ಯೂ ವರದಿ ಬರೆಯುವ ನಿಯಮಾವಳಿಯಾದ ಪ್ರಿಸ್ಮಾ 2020ರ ಹರಿವುಚಿತ್ರದಲ್ಲಿ ಸ್ವಯಂಚಾಲಿತ ಸಾಧನ ತಳ್ಳಿಹಾಕಿದ ದಾಖಲೆಗಳು ಎಷ್ಟು ಎಂದು ಬರೆಯಲು ಬೇರೆಯೇ ಜಾಗ ಇದೆ. ಅದನ್ನು ಖಾಲಿ ಬಿಟ್ಟರೆ ಓದುವವರಿಗೆ ಎಲ್ಲವನ್ನೂ ನೀನೇ ತೆಗೆದೆ ಎಂದಾಗುತ್ತದೆ. ಸಾಧನದ ಹೆಸರು, ಆವೃತ್ತಿ, ಎಲ್ಲಿ ನಿಲ್ಲಿಸಿದೆ, ಯಾಕೆ ಎಂಬುದೆಲ್ಲ ದಾಖಲಾಗಿರಲಿ. ಕಾಕ್ರೇನ್ ಮತ್ತು ಅದರ ಜೊತೆಯ ಸಂಸ್ಥೆಗಳು 2025ರಲ್ಲಿ ಒಟ್ಟಾಗಿ ಹೇಳಿದ್ದೂ ಇದನ್ನೇ: ಬಳಸಿ, ಬಳಸಿದ್ದನ್ನು ತಿಳಿಸಿ, ಕೊನೆಯ ಹೊಣೆ ರಿವ್ಯೂ ಮಾಡಿದವರದ್ದೇ.

ತಡವಾಗುತ್ತಿದೆ ಎಂದು ಕೊರಗಬೇಡ ಮಾರಾಯ್ತಿ. ಪ್ರಾಸ್ಪೆರೊದಲ್ಲಿ ನೋಂದಾದ ರಿವ್ಯೂಗಳನ್ನು ನೋಡಿ 2017ರಲ್ಲಿ ಬಂದ ಒಂದು ಲೇಖನದ ಪ್ರಕಾರ ನೋಂದಣಿಯಿಂದ ಪ್ರಕಟಣೆಗೆ ಸರಾಸರಿ 67 ವಾರ ಬೇಕಾಗಿತ್ತು. ತಂಡವಾಗಿ ಮಾಡಿದವರಿಗೇ ಅಷ್ಟು. ಎಐ ನಿನಗೆ ಉಳಿಸಿಕೊಡುವ ಸಮಯವನ್ನು ಬೇಗ ಮುಗಿಸಲು ಖರ್ಚುಮಾಡಬೇಡ, ಉಳಿದ ಲೇಖನಗಳನ್ನು ಆಳವಾಗಿ ಓದಲು ಖರ್ಚುಮಾಡು. ಅಧ್ಯಯನ ಎಲ್ಲಿ ಸಡಿಲವಾಗಿದೆ, ಯಾವ ಊರಿನವರನ್ನು ಬಿಟ್ಟಿದ್ದಾರೆ, ಎಣ್ಣೆ ಹಂಚಿದ್ದಾರೆ ಸರಿ, ಜನ ಹಚ್ಚಿಕೊಂಡರೇ ಎಂದು ಕೇಳುವ ಬುದ್ಧಿ ನಿನ್ನದು. ದರಗು ಹೊತ್ತು ಬರುವವರನ್ನು ಕಂಡು ಬೆಳೆದವಳಿಗೆ ಆ ಪ್ರಶ್ನೆ ಹೊಳೆಯುತ್ತದೆ.

ನಾಳೆ ಯಾರೋ ಒಬ್ಬ ಜಿಲ್ಲಾ ಆರೋಗ್ಯಾಧಿಕಾರಿ ನಿನ್ನ ರಿವ್ಯೂದ ಕೊನೆಯ ಪುಟ ಮಾತ್ರ ಓದಿ, ಈ ವರ್ಷದ ದುಡ್ಡನ್ನು ಎಣ್ಣೆಗೆ ಹಾಕುವುದೋ, ದನಗಳ ಔಷಧಿಗೋ, ಬರಲಿರುವ ಹೊಸ ಲಸಿಕೆಯ ತಯಾರಿಗೋ ಎಂದು ತೀರ್ಮಾನಿಸಬಹುದು. ನೀನು ಹೇಗೆ ಹುಡುಕಿದೆ ಎಂದು ನೋಡಲು ಅವರಿಗೆ ಪುರಸೊತ್ತು ಇರುವುದಿಲ್ಲ, ನಂಬುತ್ತಾರೆ. ಆ ನಂಬಿಕೆಗೆ ತಕ್ಕ ಹಾಗೆ ಮಾಡು. ಪ್ರೋಟೋಕಾಲಿನ ಕರಡು ಮುಗಿದ ಕೂಡಲೇ ನನಗೆ ಕಳಿಸು, ಸಾಲುಸಾಲು ಓದಿ ತಿದ್ದಿಕೊಡುತ್ತೇನೆ. ಎರಡನೆಯ ಓದುಗ ಸಿಗದಿದ್ದರೆ ರಯ್ಯಾನ್‌ನಲ್ಲಿ ನನ್ನನ್ನೇ ಸೇರಿಸಿಕೋ, ರಾತ್ರಿ ಊಟವಾದ ಮೇಲೆ ನಾನೂ ಕೂರುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ