ಬಣ್ಣದ ಮರ

ಪೇಟೆಯಲ್ಲಿ ಅಗ್ಗದ ಹಲಗೆಗೆ ಬಣ್ಣ ಬಳಿದು ತೇಗವೆಂದು ಮಾರುವವರುಂಟು, ಅದು ವಂಚನೆ. ನಾಟಕದ ರಂಗದ ಮೇಲೆಯೂ ಅದೇ ಬಣ್ಣ, ಅದೇ ಕುಂಚ, ಅದೇ ತೋರಿಕೆ. ಆದರೂ ಅದನ್ನು ವಂಚನೆಯೆನ್ನಲು ಮನಸ್ಸೊಪ್ಪುವುದಿಲ್ಲ. ಈ ಭೇದವು ಎಲ್ಲಿಂದ ಬಂದಿತೆಂಬುದು ವಿಚಾರಾರ್ಹವಾಗಿದೆ.

ನಮ್ಮೂರ ನಾಟಕಶಾಲೆಯ ತೇಗದ ನೆಲವನ್ನು ಗೆದ್ದಲು ತಿಂದುಹಾಕಿತು. ಮತ್ತೆ ತೇಗವನ್ನೇ ಹಾಸಲು ಹಣವಿರಲಿಲ್ಲ. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಸಿ, ಅದರ ಮೇಲೆ ಮರದ ನೆಲವನ್ನು ಚಿತ್ರಿಸುವುದೆಂದು ನಿಶ್ಚಯವಾಯಿತು. ಕೆಲಸಕ್ಕೆ ಬಂದ ಯುವಕನು ಬಡಗಿಯ ಮಗ. ಹಿಂದೆ ನನ್ನಲ್ಲಿ ಓದಿದವನು. ಎರಡು ದಿನ ಅವನ ಬಳಿ ಕುಳಿತು ನೋಡಿದೆನು.

ಮೊದಲು ನೆಲಕ್ಕೆಲ್ಲ ತಿಳಿಯಾದ ಕಂದುಹಳದಿಯನ್ನು ಬಳಿದನು. ಅದು ಒಣಗಿದ ತರುವಾಯ, ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಹಿಡಿದು ಮಿಡಿದು, 6 ಅಂಗುಲಕ್ಕೊಂದರಂತೆ ಗೆರೆ ಮೂಡಿಸಿದನು. ಹಲಗೆಗಳ ತುದಿಗಳು ಒಂದೇ ಸಾಲಿನಲ್ಲಿ ಕೂಡದಂತೆ ಹಿಂದುಮುಂದಾಗಿ ಗುರುತುಮಾಡಿದನು. ಬಡಗಿಯು ಜೋಡಿಸುವುದೂ ಹಾಗೆಯೇ ಅಷ್ಟೆ. ಬಳಿಕ ನೀರಾಗಿಸಿದ ಗಾಢವರ್ಣವನ್ನು ಹಚ್ಚಿ, ಹಸಿಯಿರುವಾಗಲೇ ಒಣಕುಂಚವನ್ನು ಉದ್ದಕ್ಕೆ ಎಳೆದನು. ಕುಂಚದ ಕೂದಲು ಹಾಯ್ದೆಡೆಯಲ್ಲಿ ತಳದ ಬಣ್ಣವು ಇಣುಕಿ ಮರದ ನಾರಿನ ಗೆರೆಗಳಾದುವು. ಅಲ್ಲಲ್ಲಿ ಗಂಟೊಂದನ್ನಿಟ್ಟು, ಹೊಳೆಯ ನೀರು ಬಂಡೆಯನ್ನು ಬಳಸಿ ಹರಿವಂತೆ ಗೆರೆಗಳನ್ನು ತಿರುಗಿಸಿದನು. ಸಂದುಗಳಿಗೆ ಕಪ್ಪುಗೆರೆ, ಎಲ್ಲಕ್ಕೂ ಮೇಲೆ, ದೀಪದ ಬೆಳಕು ಪ್ರತಿಫಲಿಸದಂತೆ, ಹೊಳಪಿಲ್ಲದ ವಾರ್ನಿಷು.

“ಗೆರೆಗಳು ತುಸು ದಪ್ಪವಾಗಲಿಲ್ಲವೇನಪ್ಪಾ?” ಎಂದೆನು.

“ಹತ್ತಿರಕ್ಕೆ ದಪ್ಪವೇ, ಮೇಷ್ಟ್ರೇ. ಸಣ್ಣಗೆ ಬರೆದರೆ ಹಿಂದಿನ ಸಾಲಿಗೆ ಬರೀ ಕಂದುಬಣ್ಣ ಕಾಣುತ್ತದೆ. ಅಲ್ಲಿಂದ ನೋಡಿ” ಎಂದನು. ಹೋಗಿ ನೋಡಿದೆನು, ರಂಗದ ಮೇಲೆ ತೇಗವಿದ್ದಿತು.

ಅಲ್ಲಿಗೆ ಬಂದ ನನ್ನ ವೃದ್ಧಮಿತ್ರರೊಬ್ಬರು, “ಮಕ್ಕಳಿಗೆ ಸತ್ಯವನ್ನು ಬೋಧಿಸಿದ ತಾವು ಈ ಸುಳ್ಳನ್ನು ಮೆಚ್ಚುವಿರಾ?” ಎಂದು ಕೇಳಿದರು. ಪ್ರಶ್ನೆಯು ಪರಿಹಾಸದ್ದಾದರೂ ಉತ್ತರವು ಹಗುರವಾದುದಲ್ಲ. ನಾಟ್ಯಶಾಸ್ತ್ರದ 2ನೆಯ ಅಧ್ಯಾಯದಲ್ಲಿ ಭರತಮುನಿಯು ರಂಗಶೀರ್ಷವನ್ನು ಹೆಂಟೆ ಹುಲ್ಲುಗಳಿಲ್ಲದ ಕರಿಯ ಮಣ್ಣಿನಿಂದ ತುಂಬಬೇಕೆಂದೂ, ಅದು ಆಮೆಯ ಬೆನ್ನಿನಂತೆ ಉಬ್ಬದೆ ಕನ್ನಡಿಯಂತೆ ಸಮವಾಗಿರಬೇಕೆಂದೂ ವಿಧಿಸಿರುವನು. ಆ ಮಣ್ಣಿನ ಮೇಲೆಯೇ ಅರಮನೆಯೂ ಅಡವಿಯೂ ತೋರಬೇಕಾಗಿದ್ದಿತು. ರಂಗದ ನೆಲವು ಎಂದಿಗೂ ತಾನಲ್ಲದುದನ್ನು ತೋರಿಸುವುದಕ್ಕಾಗಿಯೇ ಇರುವುದು.

ಶ್ರೀಶಂಕುಕನು ಇಂತಹ ಅರಿವಿಗೆ ಚಿತ್ರತುರಗದ ದೃಷ್ಟಾಂತವನ್ನಿತ್ತನು. ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವೆವು; ಆ ಅರಿವು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಅಭಿನವಗುಪ್ತನು ಶಂಕುಕನ ಅನುಕರಣವಾದವನ್ನು ಖಂಡಿಸಿದನಾದರೂ ಆ ಕುದುರೆಯು ಆಲಂಕಾರಿಕರ ಚರ್ಚೆಯಲ್ಲಿ ಇಂದಿಗೂ ಉಳಿದಿದೆ. ಅದನ್ನು ಯಾರೂ ಏರಹೋಗುವುದಿಲ್ಲ; ರಂಗದ ತೇಗವನ್ನು ಯಾರೂ ಕೊಳ್ಳಬರುವುದಿಲ್ಲ. ನೋಡುವವನು ತಿಳಿದೇ ಒಪ್ಪುತ್ತಾನೆ. ಒಪ್ಪಿದುದರಿಂದ ಅವನಿಗೆ ನಷ್ಟವಿಲ್ಲ, ಆನಂದವುಂಟು. ಪೇಟೆಯ ಬಣ್ಣವು ತಿಳಿದೊಡನೆ ಕೆಡುತ್ತದೆ. ರಂಗದ ಬಣ್ಣವು ತಿಳಿದ ಮೇಲೂ ನಿಲ್ಲುತ್ತದೆ. ಮಿತ್ರರಿಗೆ ನಾನು ಕೊಟ್ಟ ಉತ್ತರವಿಷ್ಟೆ.

ಅವರಿಗೆ ಹೇಳದೆ ಉಳಿದ ಮಾತೊಂದುಂಟು. ಗಂಟುಗಳನ್ನು ಇಡುವಾಗ ಯುವಕನು ಬಹಳ ಹೊತ್ತು ಯೋಚಿಸುತ್ತಿದ್ದನು. “ಕೊಂಬೆ ಹುಟ್ಟಿದ ಕಡೆ ಗಂಟು, ಮೇಷ್ಟ್ರೇ. ಸಿಕ್ಕಿದ ಕಡೆಯೆಲ್ಲ ಇಡಬಾರದು; ಅಪ್ಪ ಹೇಳುತ್ತಿದ್ದರು” ಎಂದನು. ತಂದೆಯ ಉಳಿ ಬಾಚಿಗಳು ಈಗ ಅಟ್ಟದ ಮೇಲಿವೆಯಂತೆ. ನಮ್ಮಂಥವರ ಕೈಗೆ ತೇಗವು ಎಟುಕದಾಯಿತು. ಅದರ ತಿಳಿವಳಿಕೆಯು ಉಳಿಯಿಂದ ಕುಂಚಕ್ಕೆ ದಾಟಿ ಇನ್ನೂ ಬದುಕಿದೆ. ಮರವನ್ನು ಬಲ್ಲ ಮನೆತನಗಳು ಇರುವವರೆಗೆ ಬಣ್ಣದ ಮರವೂ ಮರದಂತೆ ತೋರೀತು. ಆ ಮೇಲಿನ ಚಿತ್ರಕಾರನು ಯಾವುದನ್ನು ನೋಡಿ ಬರೆಯುವನೆಂಬುದೇ ನನ್ನ ಚಿಂತೆ.